ನೀರು, ಕರೆಂಟು, ಅನ್ನ: ಒಂದೇ ಲೆಕ್ಕದ ಮೂರು ಬಾಬು

ಬೆಂಗಳೂರಿನ ತ್ಯಾಗರಾಜನಗರದ ನಮ್ಮ ಬೀದಿಗೆ ನೀರು ಬಿಡುವ ದಿನ ಬೆಳಗಿನ ಜಾವಕ್ಕೇ ಸಂಪಿನೊಳಗೆ ನೀರು ಬೀಳುವ ಸದ್ದು ಕೇಳುತ್ತದೆ. ಸಂಪು ತುಂಬುತ್ತಿದ್ದಂತೆ ಒಂದೊಂದೇ ಮನೆಯ ಮೋಟರು ಗುಂಯ್‌ಗುಡತೊಡಗುತ್ತದೆ. ಅನ್ನಕ್ಕಿಡುವ ಹೊತ್ತಿಗೆ ಮೇಲಿನ ಟ್ಯಾಂಕು ತುಂಬಿ ನಲ್ಲಿಯಲ್ಲಿ ನೀರು ಬಂದಿರುತ್ತದೆ. ಆದರೆ ಈ ಕಾವೇರಿ ನೀರು ಅಷ್ಟರಲ್ಲೇ ಸುಮಾರು ನೂರು ಕಿಲೋಮೀಟರ್ ದಾರಿ ಸವೆಸಿ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಯಲ್ಲಿ ಮೂರು ಸಲ ಪಂಪಾಗಿ, ಹತ್ತಿರ ಹತ್ತಿರ 500 ಮೀಟರ್ ಮೇಲೇರಿ ಬಂದದ್ದು. ಜಲಮಂಡಳಿಯ ಖರ್ಚಿನಲ್ಲಿ ಕರೆಂಟು ಬಿಲ್ಲಿನದೇ ದೊಡ್ಡ ಪಾಲಾಗಿರುವುದು ಈ ಏರಿನಿಂದ.

ನೀರು, ಇಂಧನ, ಆಹಾರ ಮೂರನ್ನೂ ಒಟ್ಟಿಗಿಟ್ಟು ನೋಡಬೇಕೆಂಬ ವಿಚಾರ ಈಗ ಒಂದು ಅಧ್ಯಯನ ಶಾಖೆಯೇ ಆಗಿದೆ. 2011ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ನಡೆದ ಸಮ್ಮೇಳನದಿಂದ ಅದಕ್ಕೆ ಜಗತ್ತಿನಲ್ಲೆಲ್ಲ ಹೆಸರು ಬಂತು. ನಮ್ಮ ನೆಲದಲ್ಲಿ ಈ ನಂಟಿನ ಕಥೆ ಅದಕ್ಕಿಂತ ಬಹಳ ಹಳೆಯದು.

ಕೆರೆಗಳ ಕಾಲದಲ್ಲಿ ನೀರು ತಗ್ಗಿನತ್ತ ತಾನೇ ಹರಿಯುತ್ತಿತ್ತು. ತೂಬು ತೆಗೆದರೆ ಗದ್ದೆಗೆ, ಕೋಡಿ ಬಿದ್ದರೆ ಕೆಳಗಿನ ಕೆರೆಗೆ. ಬೇಸಿಗೆಯಲ್ಲಿ ಎತ್ತಿದ ಹೂಳು ಹೊಲಕ್ಕೆ ಗೊಬ್ಬರ. ನಮ್ಮ ಪಕ್ಕದ ಯಡಿಯೂರು ಕೆರೆ ಆ ಕಾಲದ ಕುರುಹು. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವನಗುಡಿಯ ಮುಂದೆ ನಡೆಯುವ ಕಡಲೆಕಾಯಿ ಪರಿಷೆಯೂ ಅಷ್ಟೇ: ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳಲ್ಲಿ ಹೊಲಗಳಿದ್ದವು ಎಂಬುದಕ್ಕೆ ಇವತ್ತು ಉಳಿದಿರುವ ಸಾಕ್ಷಿ.

1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿ ನೀರು ಊರಿಗೆ ಬಂತು. ಇವೆರಡರ ನಡುವೆ, 1902ರಲ್ಲಿ, ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹೊತ್ತಿಸಿತು. ಕಾವೇರಿ ನಮಗೆ ಮೊದಲು ಕೊಟ್ಟದ್ದು ಬೆಳಕು. ಅವಳ ನೀರು ಬಂದದ್ದು 1974ರಲ್ಲಿ, ಆ ನೀರನ್ನು ಎತ್ತಲು ಮತ್ತೆ ಕರೆಂಟೇ ಬೇಕಾಯಿತು. ಅಲ್ಲಿಂದ ಹಂತದ ಮೇಲೆ ಹಂತ. 2024ರ ಅಕ್ಟೋಬರ್‌ನಲ್ಲಿ ಐದನೆಯದು ಶುರುವಾಯಿತು, ದಿನಕ್ಕೆ 775 ದಶಲಕ್ಷ ಲೀಟರ್.

ಮೂರನ್ನೂ ಒಂದೇ ಲೆಕ್ಕದಲ್ಲಿ ಬರೆದು ತೋರಿಸಿದ ಕೆಲಸ ಹೊರಟದ್ದು ಭಾರತೀಯ ವಿಜ್ಞಾನ ಸಂಸ್ಥೆಯಿಂದ. 1974ರಲ್ಲಿ ಅಮೂಲ್ಯ ರೆಡ್ಡಿ ಅಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದು ‘ಅಸ್ತ್ರ’ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅವರ ತಂಡ ಮೊದಲು ಯೋಚಿಸಿದ್ದು ಸಗಣಿ ಅನಿಲದಿಂದ ಅಡುಗೆ ಮಾಡಿಸುವುದನ್ನು. ಇಡೀ ಊರಿನ ಒಲೆಗೆ ಸಾಲುವಷ್ಟು ಸಗಣಿಯೇ ಇರಲಿಲ್ಲ, ಯೋಜನೆ ನಿಂತುಹೋಯಿತು. ಊರಿನವರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. 1987ರ ಹೊತ್ತಿಗೆ ತಂಡ ದಾರಿ ಬದಲಿಸಿತು. ಅದೇ ಅನಿಲದಿಂದ ಎಂಜಿನ್ ಓಡಿಸಿ, ಬಾವಿಯ ನೀರನ್ನೆತ್ತಿ ಬೀದಿ ನಲ್ಲಿಗೆ ಹರಿಸಿ, ಮನೆಮನೆಗೆ ದೀಪ ಕೊಟ್ಟರು. ಸಗಣಿ ತಂದು ಹಾಕಿದವರಿಗೆ ತೂಕದ ಪ್ರಕಾರ ದುಡ್ಡು; ಅನಿಲ ತೆಗೆದ ಮೇಲೆ ಉಳಿದ ರಾಡಿ ಗೊಬ್ಬರವಾಗಿ ಹೊಲಕ್ಕೆ ವಾಪಸು. ಜನರನ್ನು ಕೇಳದೆ ಲೆಕ್ಕ ಹಾಕಿದರೆ ಅದು ತಪ್ಪುತ್ತದೆ ಎಂಬ ಪಾಠ ಈ ಕ್ಷೇತ್ರಕ್ಕೆ ಸಿಕ್ಕಿದ್ದು ಪುರದಲ್ಲಿ. ನನ್ನ ಮಟ್ಟಿಗೆ ಬಾನ್ ಸಮ್ಮೇಳನಕ್ಕಿಂತ ದೊಡ್ಡ ಘಟನೆ ಅದು.

ಇದೇ ನೋಟವನ್ನು ರೆಡ್ಡಿ ಆಮೇಲೆ ಇಡೀ ರಾಜ್ಯಕ್ಕೆ ಅನ್ವಯಿಸಿದರು. ಎಷ್ಟು ಕರೆಂಟು ಹುಟ್ಟಿಸಬೇಕು ಎಂದು ಕೇಳುವ ಮೊದಲು, ಅದರಿಂದ ಯಾವ ಕೆಲಸ ಆಗಬೇಕು, ಅದನ್ನು ಇನ್ನೂ ಕಡಿಮೆಯಲ್ಲಿ ಮಾಡಬಹುದೇ ಎಂದು ಕೇಳಿ ಎಂದರು. ಸರ್ಕಾರ ಈ ಮಾತನ್ನು ಅರ್ಧ ಮಾತ್ರ ಕೇಳಿಸಿಕೊಂಡಿತು. 2008ರಿಂದ ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ರೈತನ ಕಷ್ಟಕ್ಕೆ ಅದು ಆಸರೆಯಾದದ್ದು ನಿಜ. ಬೋರ್‌ವೆಲ್‌ಗಳು ಆಳಕ್ಕಿಳಿದದ್ದೂ ಅಷ್ಟೇ ನಿಜ. ಇವತ್ತು ರಾಜ್ಯದ ವಿದ್ಯುತ್ತಿನ ಸುಮಾರು ಮೂರನೇ ಒಂದು ಪಾಲು ನೀರೆತ್ತುವುದಕ್ಕೇ ಹೋಗುತ್ತಿದೆ. ಬೇರೆ ದಾರಿ ಇಲ್ಲದಿಲ್ಲ: ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಸೂರ್ಯ ರೈತ ಯೋಜನೆಯಡಿ 310 ಸೌರ ಪಂಪ್‌ಸೆಟ್ ಹಾಕಿ, ಉಳಿದ ಕರೆಂಟನ್ನು ರೈತರಿಂದ ಕೊಳ್ಳುವ ಏರ್ಪಾಡಾಯಿತು. ಮಾರುವ ಕರೆಂಟಿಗೆ ಬೆಲೆ ಬಂದರೆ ನೀರನ್ನು ಸುಮ್ಮನೆ ಎತ್ತಿ ಹರಿಸುವವರು ಕಡಿಮೆ.

ಇನ್ನು ನಮ್ಮ ಬಚ್ಚಲಿನ ನೀರು. ದಕ್ಷಿಣ ಬೆಂಗಳೂರಿನ ದಿಣ್ಣೆಯ ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಗೆ, ಪೂರ್ವಕ್ಕೆ ಬಿದ್ದದ್ದು ಕೋರಮಂಗಲ–ಚಲ್ಲಘಟ್ಟ ಕಣಿವೆಗೆ. ಬಸವನ ಪಾದದಲ್ಲಿ ಹುಟ್ಟಿದಳೆಂದು ಹಿರಿಯರು ನಂಬಿದ್ದ ವೃಷಭಾವತಿ ಈಗ ನೊರೆ ಹೊತ್ತು ಬೈರಮಂಗಲ ಕೆರೆಗೆ ಸೇರುತ್ತಾಳೆ. ಆ ಕೆರೆಯ ಕೆಳಗೆ ಭತ್ತ ಬೆಳೆಯುತ್ತಿದ್ದವರು ಸೀಮೆ ಹುಲ್ಲು, ಬೇಬಿಕಾರ್ನ್‌ಗೆ ಹೊರಳಿದ್ದಾರೆ. ಪೂರ್ವದ ಕಣಿವೆಯ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ಬತ್ತಿ ನಿಂತಿದ್ದ ಕೆರೆಗಳು ತುಂಬಿವೆ, ಬಾವಿಗಳಲ್ಲಿ ನೀರು ಕಂಡಿದೆ. ಆದರೆ ಶುದ್ಧೀಕರಣ ಎರಡನೇ ಹಂತಕ್ಕೇ ನಿಂತಿದೆ. ಮೂರನೇ ಹಂತವೂ ಆಗಬೇಕೆಂದು ಕೋಲಾರದವರು ಕೇಳುತ್ತಿರುವುದು ನ್ಯಾಯ. ಆ ನೀರಲ್ಲಿ ಬೆಳೆದದ್ದು ನಮ್ಮ ತಟ್ಟೆಗೂ ಬರುತ್ತದೆ.

ಮನೆಯ ಮಟ್ಟದಲ್ಲಿ ದಾರಿ ತೋರಿಸಿದವರು ಎ. ಆರ್. ಶಿವಕುಮಾರ್. 1995ರಲ್ಲಿ ವಿಜಯನಗರದಲ್ಲಿ ಕಟ್ಟಿಸಿದ ಮನೆಗೆ ಅವರು ಜಲಮಂಡಳಿಯ ಸಂಪರ್ಕವನ್ನೇ ತೆಗೆದುಕೊಳ್ಳದೆ ಮಳೆನೀರಿನಲ್ಲೇ ಸಂಸಾರ ನಡೆಸಿದರು. 2009ರಲ್ಲಿ ಮಳೆಕೊಯ್ಲು ಕಾನೂನಾಯಿತು. ಜಯನಗರ ಐದನೇ ಬ್ಲಾಕಿನಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಕೊಯ್ಲು ಪಾರ್ಕೂ ಆಯಿತು. ಲೆಕ್ಕ ಸರಳ. ಊರಿನ ವರ್ಷದ ಮಳೆ ಸುಮಾರು 970 ಮಿಲಿಮೀಟರ್. ಸಾವಿರ ಚದರಡಿ ಚಾವಣಿಯ ಮೇಲೆ ಬೀಳುವುದು 90,000 ಲೀಟರ್. ಮೊದಲ ಮಳೆಯ ಕೊಳೆ ನೀರು ಬಿಟ್ಟರೂ ಆರು ಸಾವಿರ ಲೀಟರಿನ ಹತ್ತಕ್ಕೂ ಹೆಚ್ಚು ಟ್ಯಾಂಕರು ತುಂಬುತ್ತದೆ. ನೂರು ಕಿಲೋಮೀಟರ್ ಪೈಪಿಲ್ಲದೆ, ಮೂರು ಪಂಪಿಲ್ಲದೆ.

2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂದರು. ಅದಕ್ಕೂ ಮುಂಚೆ, 2019ರಲ್ಲಿ, ಲಿಂಗನಮಕ್ಕಿಯಿಂದ ಶರಾವತಿಯನ್ನೇ ಇಲ್ಲಿಗೆ ತರುವ ಮಾತೆದ್ದಾಗ ಮಲೆನಾಡು ಪ್ರತಿಭಟಿಸಿತು. ಆ ನೀರು ಅಲ್ಲೇ ಇದ್ದರೆ ಕರೆಂಟು ಹುಟ್ಟಿಸುತ್ತದೆ. ಇಲ್ಲಿಗೆ ಎತ್ತಿದರೆ ಕರೆಂಟು ತಿನ್ನುತ್ತದೆ. ಹುಟ್ಟಬೇಕಾದದ್ದೂ ಹೋಯಿತು, ಇದ್ದದ್ದೂ ಹೋಯಿತು. ಜಲಮಂಡಳಿ, ಬೆಸ್ಕಾಂ, ಸಣ್ಣ ನೀರಾವರಿ, ಕೃಷಿ ಇಲಾಖೆ ತಂತಮ್ಮ ಬಾಬು ಮಾತ್ರ ಬರೆದುಕೊಂಡಿರುವವರೆಗೆ ಈ ನಷ್ಟ ಯಾರ ಪುಸ್ತಕದಲ್ಲೂ ಕಾಣುವುದಿಲ್ಲ. ಊರಿನ ಚಾವಣಿಗಳ ಮಳೆ ಸಂಪಿಗಿಳಿಯುವವರೆಗೆ, ಕಣಿವೆಗಳ ನೀರು ಪೂರ್ತಿ ಶುದ್ಧವಾಗುವವರೆಗೆ ಇನ್ನೊಂದು ನದಿಯನ್ನು ಕೇಳುವ ಹಕ್ಕು ಬೆಂಗಳೂರಿಗಿಲ್ಲ.

ಜಯನಗರದ ಆ ಪಾರ್ಕಿಗೆ ಒಮ್ಮೆ ಹೋಗಿ ಬನ್ನಿ. ಮನೆಯಲ್ಲಿ ಮಳೆಕೊಯ್ಲು ಆಗಲೇ ಇದ್ದರೆ, ಮುಂಗಾರಿಗೆ ಮೊದಲು ಚಾವಣಿ ಗುಡಿಸಿ, ಫಿಲ್ಟರಿನ ಜಲ್ಲಿ ತೆಗೆದು ತೊಳೆದಿಡಿ.