ಅದೃಷ್ಟದಿಂದ ದೃಷ್ಟಕ್ಕೆ: ವಿದ್ಯುತ್ ಮೋಟಾರಿನ ಅಯಸ್ಕಾಂತ ಕ್ಷೇತ್ರ

ಸೂಜಿಯು ಅಯಸ್ಕಾಂತದ ಕಡೆಗೆ ತಾನಾಗಿಯೇ ಸರಿಯುವದೆಂಬುದನ್ನು ಪ್ರಾಚೀನ ಭಾರತೀಯರು ಬಲ್ಲವರಾಗಿದ್ದರು. ವೈಶೇಷಿಕ ದರ್ಶನದ ಪ್ರವರ್ತಕರಾದ ಕಣಾದರು ಈ ಚಲನೆಗೆ 'ಅದೃಷ್ಟ'ವೇ ಕಾರಣವೆಂದು ಹೇಳಿರುವರು. ಈ ಪದಕ್ಕೆ ಲೋಕದಲ್ಲಿ ದೈವವೆಂಬ ಅರ್ಥವು ರೂಢವಾಗಿದ್ದರೂ 'ಕಣ್ಣಿಗೆ ಕಾಣದುದು' ಎಂಬುದೇ ಅದರ ಅಕ್ಷರಾರ್ಥವು. ಆ ಕಾಣದುದನ್ನು ಕಾಣುವಂತೆ ಮಾಡಲು ಮನುಷ್ಯನು ಪಟ್ಟ ಶ್ರಮದ ಕಥೆಯು ಬಾಗಲಕೋಟೆ ಜಿಲ್ಲೆಯವರಿಗೆ ಪರಕೀಯವಾದುದಲ್ಲ. ರಬಕವಿ-ಬನಹಟ್ಟಿಯ ಯಂತ್ರಮಗ್ಗಗಳನ್ನೂ, ಇಳಕಲ್ಲಿನ ಕೆಂಪು ಕಲ್ಲನ್ನು ಕೊಯ್ಯುವ ಗರಗಸಗಳನ್ನೂ, ಮಲಪ್ರಭೆ-ಘಟಪ್ರಭೆಗಳ ದಂಡೆಯ ಪಂಪುಗಳನ್ನೂ ತಿರುಗಿಸುವ ಶಕ್ತಿಯು ಆ ಅದೃಷ್ಟವೇ ಆಗಿರುವದು.

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ಪಂಡಿತನು ವಿದ್ಯುತ್ತು ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ಹೊರಳುವದನ್ನು ಕಂಡನು. ಮರುವರ್ಷವೇ ಇಂಗ್ಲಂಡಿನ ಮೈಕೆಲ್ ಫ್ಯಾರಡೆಯು ವಿದ್ಯುತ್ತು ಹರಿಯುವ ತಂತಿಯನ್ನು ಅಯಸ್ಕಾಂತದ ಸುತ್ತಲೂ ತಿರುಗಿಸಿ ತೋರಿಸಿದನು. ಕಾಗದದ ಮೇಲೆ ಕಬ್ಬಿಣದ ಪುಡಿಯನ್ನು ಉದುರಿಸಿ, ಅದು ಸಾಲುಗಟ್ಟಿ ನಿಲ್ಲುವದನ್ನು ನೋಡಿ, ಆ ಸಾಲುಗಳಿಗೆ ಬಲರೇಖೆಗಳೆಂದು ಹೆಸರಿಟ್ಟವನೂ ಅವನೇ. ಗಣಿತವನ್ನು ಹೆಚ್ಚಾಗಿ ಕಲಿಯದ ಫ್ಯಾರಡೆಯು ಮನಸ್ಸಿನಲ್ಲಿ ಕಂಡುದನ್ನು 1865ರ ಸುಮಾರಿಗೆ ಮ್ಯಾಕ್ಸ್‌ವೆಲ್ ಎಂಬವನು ಗಣಿತದ ಸಮೀಕರಣಗಳಲ್ಲಿ ಬಂಧಿಸಿದನು. 1888ರಲ್ಲಿ ಇಟಲಿಯ ಫೆರಾರಿಸ್ ಮತ್ತು ಅಮೇರಿಕೆಯಲ್ಲಿ ನೆಲಸಿದ್ದ ಟೆಸ್ಲಾ ಇವರಿಬ್ಬರೂ ಬೇರೆ ಬೇರೆಯಾಗಿ ಸುತ್ತುವ ಅಯಸ್ಕಾಂತ ಕ್ಷೇತ್ರದ ತತ್ತ್ವವನ್ನು ಪ್ರಕಟಿಸಿದರು.

ಇಂದಿನ ಸಾಮಾನ್ಯ ಮೋಟಾರಿಗೆ ಈ ತತ್ತ್ವವೇ ಆಧಾರವು. ನಿಶ್ಚಲವಾದ ಹೊರಭಾಗದ ಕಬ್ಬಿಣದ ಗಾಡಿಗಳಲ್ಲಿ ತಾಮ್ರದ ಸುರುಳಿಗಳಿರುವವು. ಅವುಗಳಲ್ಲಿ ವಿದ್ಯುತ್ತು ಒಂದರ ಹಿಂದೊಂದರಂತೆ ಏರಿ ಇಳಿಯುವದರಿಂದ ಕ್ಷೇತ್ರವು ಸುತ್ತತೊಡಗುವದು. ನಾಲ್ಕು ಧ್ರುವಗಳ ಮೋಟಾರಿನಲ್ಲಿ ಅದು ನಿಮಿಷಕ್ಕೆ 1500 ಸುತ್ತು ಸುತ್ತಿದರೆ, ಒಳಗಿನ ತಿರುಗುವ ಭಾಗವು ಅದನ್ನು ಹಿಂಬಾಲಿಸುತ್ತ ಸುಮಾರು 1440 ಸುತ್ತು ಹಾಕುವದು. ಇವೆರಡರ ನಡುವಣ ಗಾಳಿಯ ಸಂದು ಸಣ್ಣ ಮೋಟಾರುಗಳಲ್ಲಿ ಅರ್ಧ ಮಿಲಿಮೀಟರಿನಷ್ಟು ಮಾತ್ರ. ಯಂತ್ರದ ಸಮಸ್ತ ಬಲವೂ ಈ ಸಂದಿನಲ್ಲಿಯೇ ಹುಟ್ಟುವದು. ಬೇರಿಂಗು ಸವೆದು ಸಂದು ಒಂದು ಕಡೆಗೆ ಕಿರಿದಾದರೆ ಆ ಕಡೆಯ ಸೆಳೆತವು ಹೆಚ್ಚಿ, ತಿರುಗುವ ಭಾಗವು ಹೊರಭಾಗವನ್ನು ಉಜ್ಜಿ ಮೋಟಾರು ಕೆಡುವದು. ಪೈರಿಗೆ ನೀರು ಬೇಕಾದ ವೇಳೆಯಲ್ಲಿಯೇ ಹೀಗಾದರೆ ಒಕ್ಕಲಿಗನಿಗೆ ಆಗುವ ಹಾನಿಯನ್ನು ವಿವರಿಸಬೇಕಾಗಿಲ್ಲ.

ಈ ಸಂದಿನಲ್ಲಿ ಕ್ಷೇತ್ರವು ಹೇಗೆ ಹರಡಿರುವದೆಂಬುದನ್ನು ಅರಿಯುವದು ಸುಲಭವಾಗಿರಲಿಲ್ಲ. 1901ರಲ್ಲಿ ಕಾರ್ಟರ್ ಎಂಬ ಆಂಗ್ಲ ಇಂಜಿನಿಯರನು ಗಾಡಿಗಳಿಂದ ಕ್ಷೇತ್ರಕ್ಕಾಗುವ ಕೊರತೆಯನ್ನು ಗಣಿತದಿಂದ ನಿಗದಿಪಡಿಸಿದನು. ಅದರ ಮರುವರ್ಷ, ಎಂದರೆ 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ಕಾಲದ ಮೋಟಾರುಗಳನ್ನು ರಚಿಸಿದವರು ಇಂಥ ಸೂತ್ರಗಳನ್ನೂ, ಕೈಯಿಂದ ಬರೆದ ಬಲರೇಖೆಗಳ ಚಿತ್ರಗಳನ್ನೂ ನೆಚ್ಚಿದ್ದರು. ಉಳಿದುದನ್ನು ಯಂತ್ರವನ್ನು ಕಟ್ಟಿ, ಓಡಿಸಿ, ತಿದ್ದಿಯೇ ಕಲಿಯಬೇಕಾಗಿತ್ತು.

ಕಟ್ಟಿ ಕಲಿಯುವ ಈ ಮಾರ್ಗಕ್ಕೆ ಹುನಗುಂದ ತಾಲೂಕಿನ ಐಹೊಳೆಗಿಂತ ಉತ್ತಮವಾದ ನಿದರ್ಶನವು ದೊರೆಯಲಾರದು. ಅಲ್ಲಿ ಲಾಡಖಾನ ಗುಡಿಯು ಮಂಟಪದ ರೂಪದ್ದು. ದುರ್ಗದ ಗುಡಿಯು ಗಜಪೃಷ್ಠಾಕಾರದ್ದು. ಒಂದೊಂದು ಗುಡಿಯೂ ಒಂದೊಂದು ಪ್ರಯೋಗವೆಂಬಂತೆ ತೋರುವದರಿಂದಲೇ ಐಹೊಳೆಯನ್ನು ದೇವಾಲಯ ಶಿಲ್ಪದ ತೊಟ್ಟಿಲೆಂದು ಕರೆಯುವ ರೂಢಿಯುಂಟು. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಪರಿಪೂರ್ಣತೆಯ ಹಿಂದೆ ತಲೆಮಾರುಗಳ ಅಭ್ಯಾಸವಿರುವದು. ಆದರೆ ಅಂಥ ಕಲಿಕೆಯ ವೆಚ್ಚವನ್ನು ಬಾದಾಮಿಯ ಚಲುಕ್ಯರಂಥ ಅರಸರೇ ಹೊರಬಲ್ಲರು. ಬಡವನಿಗೆ ಆ ಮಾರ್ಗವು ಮುಚ್ಚಿರುವದು.

ಕಟ್ಟುವ ಮೊದಲೇ ಕಾಣುವ ಉಪಾಯವು ಇಪ್ಪತ್ತನೆಯ ಶತಮಾನದಲ್ಲಿ ದೊರೆಯಿತು. 1943ರಲ್ಲಿ ಕೊರಾಂಟ್ ಎಂಬ ಗಣಿತಜ್ಞನು, ಇಡಿಯಾಗಿ ಬಿಡಿಸಲಾಗದ ಕ್ಷೇತ್ರವನ್ನು ಸಣ್ಣ ತ್ರಿಕೋಣಗಳಾಗಿ ಒಡೆದು ಲೆಕ್ಕ ಮಾಡುವ ಬಗೆಯನ್ನು ತಿಳಿಸಿದನು. 1970ರಲ್ಲಿ ಸಿಲ್ವೆಸ್ಟರ್ ಮತ್ತು ಎಂ. ವಿ. ಕೆ. ಚಾರಿ ಇವರು ಈ ವಿಧಾನವನ್ನು ವಿದ್ಯುದ್ಯಂತ್ರಗಳ ಕಬ್ಬಿಣಕ್ಕೆ ಅನ್ವಯಿಸಿದರು. ಕಬ್ಬಿಣವು ನೀರು ಹೀರಿ ತಣಿದ ಹತ್ತಿಯಂತೆ ಒಂದು ಮಿತಿಯ ಮೇಲೆ ಕ್ಷೇತ್ರವನ್ನು ಸುಲಭವಾಗಿ ಒಳಗೊಳ್ಳದು. ಹಳೆಯ ಸೂತ್ರಗಳು ಸೋಲುತ್ತಿದ್ದುದು ಅಲ್ಲಿಯೇ. ತ್ರಿಕೋಣಗಳ ವಿಧಾನದಲ್ಲಿ ನೆರೆಹೊರೆಯ ತ್ರಿಕೋಣಗಳ ಬೆಲೆಗಳು ಕೂಡುವ ಅಂಚಿನಲ್ಲಿ ಒಂದಾಗಬೇಕು. ಇಳಕಲ್ಲಿನ ನೇಕಾರರು ಒಡಲಿನ ಹಾಸಿನೆಳೆಗಳನ್ನು ಸೆರಗಿನ ಹಾಸಿನೆಳೆಗಳೊಡನೆ ಕೊಂಡಿ ಹಾಕಿ ಜೋಡಿಸುವದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುವದು. ಕೊಂಡಿ ತಪ್ಪಿದರೆ ಸೀರೆ ಕೆಡುವಂತೆ, ಅಂಚು ಕೂಡದಿದ್ದರೆ ಲೆಕ್ಕವು ಕೆಡುವದು. ಸಾವಿರಾರು ಸಮೀಕರಣಗಳನ್ನು ಒಮ್ಮೆಲೇ ಬಿಡಿಸುವ ಈ ಕೆಲಸವು ಗಣಕಯಂತ್ರದಿಂದ ಮಾತ್ರ ಸಾಧ್ಯವು.

1963ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾದಾಗ ಅಂಥ ಗಣಕಯಂತ್ರಗಳು ಲೋಕದ ಕೆಲವೇ ಸಂಸ್ಥೆಗಳ ಸೊತ್ತಾಗಿದ್ದವು. ಇಂದು ಡೇವಿಡ್ ಮೀಕರ್ ಎಂಬವರು ರಚಿಸಿದ 'ಫೆಮ್' ಎಂಬ ತಂತ್ರಾಂಶವು ಬೆಲೆಯಿಲ್ಲದೆ ಎಲ್ಲರಿಗೂ ದೊರೆಯುವದು. ವಿದ್ಯಾರ್ಥಿಯು ಮೋಟಾರಿನ ಅಡ್ಡಸೀಳಿನ ಚಿತ್ರವನ್ನು ಬರೆದು, ಕಬ್ಬಿಣದ ಗುಣವನ್ನೂ ಸುರುಳಿಯ ವಿದ್ಯುತ್ತನ್ನೂ ತಿಳಿಸಿದರೆ ಸಾಕು. ಫ್ಯಾರಡೆಯ ರೇಖೆಗಳು ಪರದೆಯ ಮೇಲೆ ಮೂಡುವವು. ಸಂದನ್ನು ಒಂದು ಕಡೆಗೆ ಕಿರಿದುಮಾಡಿದರೆ ಸೆಳೆತವು ಎಷ್ಟು ಹೆಚ್ಚುವದೆಂಬುದನ್ನೂ, ಒಂದು ತುಂಡು ತಾಮ್ರವನ್ನು ಸುಡದೆಯೇ ಅವನು ಅರಿಯಬಲ್ಲನು.

ಆದರೂ ನ್ಯಾಯಶಾಸ್ತ್ರದ ಒಂದು ಎಚ್ಚರಿಕೆಯು ಇಲ್ಲಿ ಸಲ್ಲುವದು. ಪರದೆಯ ಚಿತ್ರವು ಪ್ರತ್ಯಕ್ಷವಲ್ಲ, ಅನುಮಾನವು. ಹೇತುವು ದುಷ್ಟವಾದರೆ ಅನುಮಾನವೂ ದುಷ್ಟವಾಗುವದು. ಕಬ್ಬಿಣದ ಗುಣವನ್ನು ತಪ್ಪಾಗಿ ಕೊಟ್ಟರೂ ಗಣಕಯಂತ್ರವು ಅಷ್ಟೇ ಸುಂದರವಾದ ಬಣ್ಣಗಳಲ್ಲಿ ಸುಳ್ಳನ್ನು ಬರೆದು ತೋರಿಸುವದು. ಸುಟ್ಟ ಮೋಟಾರನ್ನು ಬಿಚ್ಚಿ ಸುರುಳಿ ಸುತ್ತುವ ಕೆಲಸಗಾರನು ಯಾವ ಗಾಡಿಯಲ್ಲಿ ತಾಮ್ರವು ಮೊದಲು ಕರಿದಾಯಿತೆಂಬುದನ್ನು ಕಣ್ಣಾರೆ ಕಂಡಿರುವನು. ಅವನ ಪ್ರತ್ಯಕ್ಷವೂ ಕಾಲೇಜಿನ ಅನುಮಾನವೂ ಒಂದನ್ನೊಂದು ಪರೀಕ್ಷಿಸಿದಲ್ಲಿ ಮಾತ್ರ ಅದೃಷ್ಟವು ನಿಜವಾಗಿ ದೃಷ್ಟವಾಗುವದು. ಇವರಿಬ್ಬರೂ ಒಂದೇ ಊರಿನಲ್ಲಿದ್ದೂ ಒಬ್ಬರನ್ನೊಬ್ಬರು ಕೇಳದಿದ್ದರೆ ನಷ್ಟವು ಊರಿನದೇ.