ಸದರ್ನ್ ಮರಾಠಾ ರೈಲ್ವೆ: ಲಂಡನ್ನಿನ ಕಂಪನಿ, ಕನ್ನಡದ ನೆಲ

ಸದರ್ನ್ ಮರಾಠಾ ರೈಲ್ವೆ ಕಂಪನಿಯು 1882ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾಯಿತು. ಹೆಸರು ಮರಾಠಾ ಎಂದಿದ್ದರೂ ಅದರ ಹಳಿಗಳ ದೊಡ್ಡ ಭಾಗ ಹಾದುಹೋದದ್ದು ಕನ್ನಡ ನಾಡಿನಲ್ಲಿ. ಹಿಂದೆ ಪೇಶ್ವೆಗಳ ಅಧೀನದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಾಪುರಗಳ ಸೀಮೆಯನ್ನು ಬ್ರಿಟಿಷರು ದಕ್ಷಿಣ ಮರಾಠಾ ದೇಶವೆಂದು ಕರೆಯುತ್ತಿದ್ದರು. ಆ ಕಚೇರಿಯ ರೂಢಿಯೇ ರೈಲಿಗೂ ಅಂಟಿಕೊಂಡಿತು.

ಇದರ ಹುಟ್ಟಿಗೆ ಕಾರಣ ಬರಗಾಲ. 1876–78ರ ಕ್ಷಾಮದಲ್ಲಿ ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನರು ಸತ್ತರು. ಬೇರೆಡೆ ಧಾನ್ಯವಿದ್ದರೂ ಒಳನಾಡಿಗೆ ಅದನ್ನು ಎಳೆದು ತರಬೇಕಾದ ಎತ್ತುಗಳೇ ಮೇವು ನೀರಿಲ್ಲದೆ ಉರುಳಿದ್ದವು. 1880ರ ಕ್ಷಾಮ ಆಯೋಗವು ರಕ್ಷಣಾತ್ಮಕ ರೈಲುಮಾರ್ಗಗಳನ್ನು ಶಿಫಾರಸು ಮಾಡಿತು. ಹೊಟಗಿಯಿಂದ ವಿಜಾಪುರದ ಮೂಲಕ ಗದಗಕ್ಕೆ, ಅಲ್ಲಿಂದ ಹುಬ್ಬಳ್ಳಿ ಮತ್ತು ಬಳ್ಳಾರಿಗಳಿಗೆ ಮೀಟರ್ ಗೇಜ್ ಹಳಿಗಳು ಹರಡಿದವು. 1888ರಲ್ಲಿ ಕ್ಯಾಸಲ್ ರಾಕ್ ಘಟ್ಟದ ಮೂಲಕ ಮರ್ಮಗೋವಾ ಬಂದರಿನ ಸಂಪರ್ಕವೂ ದೊರೆಯಿತು. ಕರುಣೆಯ ಹೆಸರಿನಲ್ಲಿ ಬಂದ ಹಳಿ ಹತ್ತಿಯನ್ನು ಬಂದರಿಗೆ ಸಾಗಿಸುವುದಕ್ಕೂ ಒದಗಿತೆಂಬುದನ್ನು ಬೇರೆ ಹೇಳಬೇಕಿಲ್ಲ.

ಖಾಸಗಿ ಕಂಪನಿ ಎಂಬ ಮಾತನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ಮದ್ರಾಸ್ ರೈಲ್ವೆಯಂಥ ಮೊದಲ ತಲೆಮಾರಿನ ಕಂಪನಿಗಳಿಗೆ ಸರ್ಕಾರ ಶೇಕಡಾ 5ರ ಬಡ್ಡಿಯ ಖಾತರಿ ನೀಡಿತ್ತು. ಸದರ್ನ್ ಮರಾಠಾದ ಕಾಲಕ್ಕೆ ಆ ದರ ಇಳಿದಿತ್ತು, ಮಾರ್ಗವೂ ಸರ್ಕಾರದ ಸ್ವತ್ತಾಗಿತ್ತು. ಆದರೂ ರೈಲು ನಷ್ಟದಲ್ಲಿ ಓಡಿದಾಗ ಲಂಡನ್ನಿನ ಷೇರುದಾರನ ಆದಾಯಕ್ಕೆ ಭಾರತದ ಬೊಕ್ಕಸವೇ ಹೊಣೆ. ಇದೇ ನಗರದ ಫಿನ್ಸ್‌ಬರಿ ಸೆಂಟ್ರಲ್ ಕ್ಷೇತ್ರದಿಂದ 1892ರಲ್ಲಿ ಸಂಸತ್ತಿಗೆ ಆಯ್ಕೆಯಾದ ದಾದಾಭಾಯಿ ನವರೋಜಿಯವರು ಸಂಪತ್ತಿನ ಸೋರಿಕೆಯೆಂದು ವಾದಿಸಿದ್ದು ಇಂಥ ವ್ಯವಸ್ಥೆಗಳನ್ನೇ. ಅವರ ವಾದ ನನಗೆ ಇಂದಿಗೂ ಬಲವಾಗಿಯೇ ಕಾಣುತ್ತದೆ.

ಮೈಸೂರಿನ ಅನುಭವ ಇದಕ್ಕೆ ಒಳ್ಳೆಯ ನಿದರ್ಶನ. ಬೆಂಗಳೂರು–ಮೈಸೂರು ಮಾರ್ಗ ಕ್ಷಾಮ ಪರಿಹಾರದ ಮಣ್ಣಿನ ಕೆಲಸವಾಗಿ ಆರಂಭವಾಗಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1882ರಲ್ಲಿ ಮೈಸೂರನ್ನು ತಲುಪಿತು. ಸಂಸ್ಥಾನದ ತಲೆಯ ಮೇಲಾದರೋ ಕ್ಷಾಮದ ಕಾಲದ 80 ಲಕ್ಷ ರೂಪಾಯಿ ಸಾಲವಿತ್ತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1886ರಲ್ಲಿ, ರೈಲುಮಾರ್ಗವನ್ನು ಸದರ್ನ್ ಮರಾಠಾ ಕಂಪನಿಗೆ ಒಪ್ಪಿಸಲಾಯಿತು. ಕಂಪನಿ ಲಂಡನ್ನಿನಲ್ಲಿ ಸುಮಾರು 12 ಲಕ್ಷ ಪೌಂಡು ಸಾಲವೆತ್ತಿತು. ಬಡ್ಡಿಯ ಭಾರ ಮೈಸೂರಿನದು. ಗುಬ್ಬಿಯವರೆಗಿದ್ದ ಹಳಿ 1889ರಲ್ಲಿ ಹರಿಹರವನ್ನು ಮುಟ್ಟಿತು. ಬೆಳ್ಳಿಯ ಬೆಲೆ ಕುಸಿದು ರೂಪಾಯಿ ಅಗ್ಗವಾದಂತೆ, ಪೌಂಡಿನಲ್ಲಿ ತೆರಬೇಕಾದ ಬಡ್ಡಿ ವರ್ಷದಿಂದ ವರ್ಷಕ್ಕೆ ಭಾರವಾಯಿತು.

ವೈದ್ಯನಾದ ನನ್ನ ಗಮನವನ್ನು ಸೆಳೆಯುವುದು ಇನ್ನೊಂದು ಸರಕು. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿ–ಧಾರವಾಡಗಳಿಗೆ ಹಬ್ಬಿ, 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಪ್ರವೇಶಿಸಿತು. ಧಾನ್ಯದ ಮೂಟೆಯೊಡನೆ ಇಲಿ, ಇಲಿಯೊಡನೆ ಚಿಗಟ: ರೈಲು ಇವುಗಳಿಗೂ ವಾಹನವಾಯಿತು. ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ತಪಾಸಣೆ ಮಾಡುತ್ತಿದ್ದರೂ ಇಲಿಗಳನ್ನು ಇಳಿಸಿ ನೋಡುವವರು ಯಾರು? ಅದೇ ವರ್ಷ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ ಲಸಿಕೆಯನ್ನು ಸಾವಿರಾರು ಜನರಿಗೆ ಹಾಕಲಾಯಿತು. ಊರಿನ ಬಹುಪಾಲು ಜನರನ್ನು ಮುಟ್ಟಿದ ಆ ಕಾರ್ಯ ಲಸಿಕೆಗಳ ಇತಿಹಾಸದಲ್ಲಿ ಇನ್ನಷ್ಟು ಮನ್ನಣೆಗೆ ಅರ್ಹ.

1908ರಲ್ಲಿ ಈ ಕಂಪನಿ ಮದ್ರಾಸ್ ರೈಲ್ವೆಯೊಡನೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. ಮೈಸೂರು ತನ್ನ ಮಾರ್ಗಗಳ ನಿರ್ವಹಣೆಯನ್ನು 1919ರಲ್ಲಿ ಭಾಗಶಃ, 1938ರಲ್ಲಿ ಹರಿಹರದ ಮಾರ್ಗವನ್ನೂ ಸೇರಿಸಿ ಮರಳಿ ಪಡೆಯಿತು. ಕಂಪನಿಯನ್ನು 1944ರಲ್ಲಿ ಸರ್ಕಾರ ವಹಿಸಿಕೊಂಡಿತು. 1951ರ ಏಪ್ರಿಲ್ 14ರಂದು ಎಲ್ಲವೂ ದಕ್ಷಿಣ ರೈಲ್ವೆಯಲ್ಲಿ ಲೀನವಾದವು. ಮುಂಬಯಿ, ಮದ್ರಾಸು, ಮೈಸೂರು ಎಂದು ಹಂಚಿಹೋಗಿದ್ದ ಕನ್ನಡಿಗರು ಒಂದೇ ರಾಜ್ಯದವರಾಗಲು ಆಗಿನ್ನೂ ಐದು ವರ್ಷಗಳಿದ್ದವು. ಅವರ ಊರುಗಳು ಹಳಿಯ ಮೇಲೆ ಕೂಡಿಕೊಂಡು ಆಗಲೇ ಅರ್ಧ ಶತಮಾನ ಮೀರಿತ್ತು.