ಬಲ್ಲೆನೆಂಬುದರ ಬೆಲೆ

ಉತ್ತರ ತಿಳಿಯದ ಹುಡುಗ ಕಣ್ಣು ಮುಚ್ಚಿ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಿದರೂ ನಾಲ್ಕು ಸಲಕ್ಕೊಮ್ಮೆ ಅಂಕ ಗಳಿಸಿಯಾನು. ನಿದ್ದೆಗೆಟ್ಟು ಓದಿದವನಿಗೂ ಅದೇ ಅಂಕ! ಈ ಬಗೆಯ ಪರೀಕ್ಷೆಗೆ ಹುಟ್ಟಿನಿಂದಲೇ ಅಂಟಿಬಂದ ದೋಷವಿದು.

ಅದನ್ನು 1915ರ ಸುಮಾರಿಗೆ ಬಳಕೆಗೆ ತಂದವರು ಅಮೆರಿಕದ ಕಾನ್ಸಾಸಿನ ಫ್ರೆಡರಿಕ್ ಕೆಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಅಲ್ಲಿನ ಸೈನ್ಯ ಸುಮಾರು 17 ಲಕ್ಷ ಜನರನ್ನು ಪರೀಕ್ಷಿಸಿದಾಗ ಇಂಥ ಪ್ರಶ್ನೆಗಳು ಹೆಸರಾದವು. ತಿದ್ದುವುದೇನೋ ಸುಲಭ; ಆದರೆ ಗುರುತಿನ ಹಿಂದಿರುವುದು ತಿಳಿವೋ, ಅದೃಷ್ಟವೋ?

ಬರೆಯುವವರನ್ನೇ ಕೇಳೋಣವೆಂದು ಹೊರಟವರು ಕೇಟ್ ಹೆವ್ನರ್. ಪ್ರತಿ ಉತ್ತರದ ಮೇಲೂ ಎಷ್ಟು ಭರವಸೆಯಿದೆಯೆಂದು ತಿಳಿಸುವ ಕ್ರಮವನ್ನು ಅವರು 1932ರಲ್ಲಿ ಪ್ರಕಟಿಸಿದರು. ಆದರೆ ಎಲ್ಲದಕ್ಕೂ ‘ಖಂಡಿತ’ ಎಂದು ಬರೆದುಬಿಟ್ಟರೆ? ಇಟಲಿಯ ಗಣಿತಜ್ಞ ಬ್ರೂನೊ ದೆ ಫಿನೆತ್ತಿ 1965ರಲ್ಲಿ ಇದಕ್ಕೆ ಲೆಕ್ಕದಿಂದಲೇ ಉತ್ತರವಿತ್ತರು: ಮನಸ್ಸಿನಲ್ಲಿದ್ದಷ್ಟನ್ನೇ ಹೇಳುವವನಿಗೆ ಹೆಚ್ಚು ಲಾಭವಾಗುವಂತೆ ಅಂಕಗಳನ್ನು ಹೊಂದಿಸಬಹುದು.

1990ರ ದಶಕದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗಾರ್ಡ್ನರ್-ಮೆಡ್ವಿನ್ ಅವರು ವೈದ್ಯ ವಿದ್ಯಾರ್ಥಿಗಳಿಗೆ ಸರಳವಾದ ಕ್ರಮವೊಂದನ್ನು ತಂದರು. ಭರವಸೆಗೆ ಮೂರು ಮೆಟ್ಟಿಲು. ಉತ್ತರ ಸರಿಯಾದರೆ ಕ್ರಮವಾಗಿ 1, 2, 3 ಅಂಕ. ತಪ್ಪಾದರೆ ಮೊದಲನೆಯದಕ್ಕೆ ನಷ್ಟವಿಲ್ಲ, ಎರಡನೆಯದಕ್ಕೆ 2, ಮೂರನೆಯದಕ್ಕೆ 6 ಅಂಕ ಖೋತಾ. ನೂರಕ್ಕೆ 80ಕ್ಕಿಂತ ಹೆಚ್ಚು ನಂಬಿಕೆಯಿಲ್ಲದೆ ಮೂರನೆಯ ಮೆಟ್ಟಿಲೇರಿದವನಿಗೆ ನಷ್ಟವೇ.

ಶಿಕ್ಷೆ ಇಷ್ಟು ಕಠಿನವೇಕೆ? ತನಗೆ ತಿಳಿಯದೆಂದು ಬಲ್ಲ ವೈದ್ಯ ಪುಸ್ತಕ ತೆರೆದಾನು, ಹಿರಿಯರನ್ನು ಕೇಳಿಯಾನು. ತಪ್ಪನ್ನೇ ನಿಜವೆಂದು ನಂಬಿದವನು ಯಾರನ್ನೂ ಕೇಳುವುದಿಲ್ಲ, ಔಷಧ ಬರೆದೇಬಿಡುತ್ತಾನೆ. ಆ ತಪ್ಪಿಗೆ ಬೆಲೆ ತೆರುವವನು ರೋಗಿ.